ಆಡಿಸ್‌ನಿಂದ ಲೇಗಾಸ್‌ಗೆ ಎಷ್ಟು ಹೊತ್ತು?

ವಿಮಾನ ರನ್‌ವೇ ಮೇಲೆ ಓಡಲು ಶುರು ಮಾಡಿದ ಕೂಡಲೇ ಮನಸ್ಸಲ್ಲೇ ಒಂದು, ಎರಡು ಅಂತ ಎಣಿಸುವ ಚಾಳಿ ನನಗಿದೆ. ಬೆಂಗಳೂರಿನಲ್ಲಿ ಮೂವತ್ತು, ಮೂವತ್ತೈದು ಆಗುವಷ್ಟರಲ್ಲಿ ಚಕ್ರ ನೆಲ ಬಿಟ್ಟಿರುತ್ತದೆ. ಇಥಿಯೋಪಿಯಾದ ರಾಜಧಾನಿ ಆಡಿಸ್ ಅಬಾಬಾದಲ್ಲಿ ಆವತ್ತು ಎಣಿಕೆ ನಲವತ್ತು ದಾಟಿತು. ವಿಮಾನ ಇನ್ನೂ ಓಡುತ್ತಲೇ ಇತ್ತು. ಪಕ್ಕದ ಸೀಟಿನ ಹಿರಿಯರು ಆರಾಮಾಗಿ ಕಣ್ಣು ಮುಚ್ಚಿ ಕೂತಿದ್ದರು. ನಾನು ಮಾತ್ರ ಸೀಟಿನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದೆ. ನಲವತ್ತೇಳಕ್ಕೆ ಮೂಗು ಮೇಲೆದ್ದಿತು.

ಆಗಸ್ಟ್ ತಿಂಗಳು. ಪಂಪ್‌ಸೆಟ್ ಬಿಡಿಭಾಗದ ವ್ಯವಹಾರಕ್ಕೆ ಅಂತ ನೈಜೀರಿಯಾದ ಲೇಗಾಸ್‌ಗೆ ಹೊರಟಿದ್ದೆ. ಹಿಂದಿನ ರಾತ್ರಿ ಫೋನ್‌ನಲ್ಲಿ ಎರಡೂ ಊರಿನ ಹೆಸರು ಹಾಕಿ ನೋಡಿದ್ದೆ. ದೂರ ಮೂರು ಸಾವಿರದ ಒಂಬೈನೂರು ಚಿಲ್ಲರೆ ಕಿಲೋಮೀಟರ್, ಹಾರಾಟಕ್ಕೆ ಐದು ಗಂಟೆಗೆ ಸ್ವಲ್ಪ ಕಮ್ಮಿ ಅಂತ ಬಂತು. ಊರುಗಳನ್ನು ಅದಲುಬದಲು ಮಾಡಿ ಹಾಕಿದೆ. ಒಂದು ನಿಮಿಷವೂ ಹೆಚ್ಚುಕಡಿಮೆ ಇಲ್ಲದೆ ಅದೇ ಉತ್ತರ. ಟಿಕೆಟ್‌ನಲ್ಲಿ ನೋಡಿದರೆ ಹೋಗಲು ಹಿಡಿಯುವ ಹೊತ್ತೇ ಬೇರೆ, ಬರಲು ಹಿಡಿಯುವ ಹೊತ್ತೇ ಬೇರೆ.

ಫೋನ್ ಸುಳ್ಳು ಹೇಳಿರಲಿಲ್ಲ. ಅದಕ್ಕೆ ಗೊತ್ತಿದ್ದುದು ದೂರ ಒಂದೇ. ಅದನ್ನು ಯಾವುದೋ ಒಂದು ವೇಗದಿಂದ ಭಾಗಿಸಿ ಕೊಟ್ಟಿತ್ತು, ಅಷ್ಟೇ. ದೂರದ ಲೆಕ್ಕವನ್ನು ಭೂಮಿಯ ಆಕಾರ ನೋಡಿ ಹಾಕಬಹುದು. ಹೊತ್ತಿನ ಲೆಕ್ಕಕ್ಕೆ ಗಾಳಿ, ಬೆಟ್ಟ, ಮೋಡ, ರಾಜಕೀಯ ಎಲ್ಲವೂ ಬೇಕು.

ಮೊದಲು ದೂರದ ವಿಷಯ. ಇದನ್ನು ಬೆರಳಲ್ಲೇ ಎಣಿಸಬಹುದು. ಆಡಿಸ್ ಅಬಾಬಾ ಇರುವುದು ಹೆಚ್ಚುಕಡಿಮೆ 38.8 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಲೇಗಾಸ್ 3.3 ಡಿಗ್ರಿಯಲ್ಲಿ. ಕಳೆದರೆ ಮೂವತ್ತೈದೂವರೆ ಡಿಗ್ರಿ. ಭೂಮಿಯ ಸುತ್ತಳತೆ ಸುಮಾರು 40,000 ಕಿ.ಮೀ., ಅದನ್ನು 360 ಡಿಗ್ರಿಗೆ ಹಂಚಿದರೆ ಒಂದು ಡಿಗ್ರಿಗೆ 111 ಕಿ.ಮೀ. ಮೂವತ್ತೈದೂವರೆಯನ್ನು 111ರಿಂದ ಗುಣಿಸಿದರೆ 3,940. ಸರಿಯಾದ ಲೆಕ್ಕ ಹಾಕಿದರೆ ಸಿಗುವುದು ಸುಮಾರು 3,920. ಬರೀ ಇಪ್ಪತ್ತು ಕಿಲೋಮೀಟರ್ ತಪ್ಪು. ಬಾಯಿಲೆಕ್ಕಕ್ಕೆ ಇದಕ್ಕಿಂತ ಇನ್ನೇನು ಬೇಕು?

ಇದೇ ಹುಮ್ಮಸ್ಸಿನಲ್ಲಿ ಇನ್ನೊಂದು ಜೋಡಿ ತಗೊಳ್ಳಿ. ಮೊರಾಕ್ಕೊದ ಕಾಸಾಬ್ಲಾಂಕಾ, ಈಜಿಪ್ಟಿನ ಕೈರೋ. ಇವುಗಳ ನಡುವೆ 39 ಡಿಗ್ರಿ ಅಂತರ. ಆಡಿಸ್–ಲೇಗಾಸ್ ಜೋಡಿಗಿಂತ ಮೂರೂವರೆ ಡಿಗ್ರಿ ಜಾಸ್ತಿ. ಹಾಗಾದರೆ ದೂರವೂ ಜಾಸ್ತಿ ಇರಬೇಕಲ್ವಾ? ಇಲ್ಲ. ಸುಮಾರು 3,690 ಕಿ.ಮೀ., ಅಂದರೆ 230 ಕಿ.ಮೀ. ಕಮ್ಮಿ!

ಚಕ್ಕೋತ ಸುಲಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. (ನಮ್ಮ ವಿಮಾನ ನಿಲ್ದಾಣ ಇರುವ ದೇವನಹಳ್ಳಿಯದೇ ಚಕ್ಕೋತ ಆದರೆ ಇನ್ನೂ ಒಳ್ಳೇದು.) ತೊಳೆ ಹೊಟ್ಟೆಯ ಹತ್ತಿರ ದಪ್ಪ, ತೊಟ್ಟಿನ ಕಡೆ ಹೋದಂತೆ ಸಣ್ಣ. ರೇಖಾಂಶದ ಗೆರೆಗಳೂ ಹೀಗೇ. ಸಮಭಾಜಕದಲ್ಲಿ ಎರಡು ಗೆರೆಗಳ ನಡುವೆ 111 ಕಿ.ಮೀ. ಇದ್ದದ್ದು ಧ್ರುವಕ್ಕೆ ಹೋಗುವಷ್ಟರಲ್ಲಿ ಸೊನ್ನೆ. ಆಡಿಸ್, ಲೇಗಾಸ್ ಎರಡೂ ತೊಳೆಯ ಹೊಟ್ಟೆಯಲ್ಲಿವೆ, ಸಮಭಾಜಕದಿಂದ ಒಂಬತ್ತು ಡಿಗ್ರಿಯ ಒಳಗೆ. ಕಾಸಾಬ್ಲಾಂಕಾ, ಕೈರೋ ಇರುವುದು 30–33 ಡಿಗ್ರಿ ಉತ್ತರದಲ್ಲಿ. ಅಲ್ಲಿ ಒಂದು ಡಿಗ್ರಿಗೆ ಸಿಗುವುದು 94 ಕಿ.ಮೀ. ಮಾತ್ರ.

ಈ 111 ಅನ್ನುವ ಸಂಖ್ಯೆ ಎಲ್ಲಿಂದ ಬಂತು ಅಂತ ಹುಡುಕುತ್ತಾ ಹೋದರೆ ಮತ್ತೆ ಆಫ್ರಿಕಾಕ್ಕೇ ಬಂದು ನಿಲ್ಲುತ್ತೇವೆ, ಅದೂ ಎರಡು ಊರುಗಳ ದೂರಕ್ಕೇ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟಾಸ್ಥನೀಸ್ ಅಂತ ಒಬ್ಬನಿದ್ದ. ಹುಟ್ಟಿದ್ದು ಈಗಿನ ಲಿಬಿಯಾದಲ್ಲಿರುವ ಸಿರೀನ್ ಪಟ್ಟಣದಲ್ಲಿ. ಅಲೆಕ್ಸಾಂಡ್ರಿಯದ ಹೆಸರಾಂತ ಗ್ರಂಥಾಲಯಕ್ಕೆ ಮುಖ್ಯಸ್ಥನಾಗಿದ್ದ. ದಕ್ಷಿಣದ ಸಯೀನ್ ಅನ್ನುವ ಊರಿನಲ್ಲಿ, ಅಂದರೆ ಈಗಿನ ಆಸ್ವಾನ್‌ನಲ್ಲಿ, ವರ್ಷದ ಅತಿ ಉದ್ದದ ಹಗಲಿನ ದಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ, ಬಾವಿಯ ತಳಕ್ಕೂ ಬಿಸಿಲು ಬೀಳುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಅದೇ ದಿನ ಅದೇ ಹೊತ್ತಿಗೆ ಅಲೆಕ್ಸಾಂಡ್ರಿಯದಲ್ಲಿ ನೆಟ್ಟ ಕಂಬಕ್ಕೆ ನೆರಳಿತ್ತು. ನೆರಳಿನ ಕೋನ ಅಳೆದ. ವೃತ್ತದ ಐವತ್ತನೇ ಒಂದು ಪಾಲು ಬಂತು, 7.2 ಡಿಗ್ರಿ. ಎರಡು ಊರುಗಳ ದೂರ 5,000 ಸ್ಟೇಡಿಯಾ ಅಂತ ಹಿಡಿದ (ಸ್ಟೇಡಿಯಂ ಅನ್ನುವುದು ಆಗಿನ ಗ್ರೀಕರ ಉದ್ದದ ಅಳತೆ). ಐವತ್ತರಿಂದ ಗುಣಿಸಿದ. ಭೂಮಿಯ ಸುತ್ತಳತೆ ಎರಡೂವರೆ ಲಕ್ಷ ಸ್ಟೇಡಿಯಾ ಅಂದ.

ಒಂದು ಸ್ಟೇಡಿಯಂ ಅಂದರೆ ಇವತ್ತಿನ ಎಷ್ಟು ಮೀಟರ್ ಅನ್ನುವುದರ ಬಗ್ಗೆ ವಿದ್ವಾಂಸರು ಇನ್ನೂ ಜಗಳ ಆಡುತ್ತಾರೆ. ಆದ್ದರಿಂದ ಅವನ ಉತ್ತರ ಎಷ್ಟು ನಿಖರ ಅನ್ನುವ ಮಾತು ಪಕ್ಕಕ್ಕಿರಲಿ. ಎರಡು ಊರುಗಳೂ ಒಂದೇ ರೇಖಾಂಶದಲ್ಲಿಲ್ಲ, ಮೂರು ಡಿಗ್ರಿ ಆಚೀಚೆ ಇವೆ. ಆಸ್ವಾನ್ ಸರಿಯಾಗಿ ಕರ್ಕಾಟಕ ವೃತ್ತದ ಮೇಲೂ ಇಲ್ಲ, ಒಂಚೂರು ಉತ್ತರಕ್ಕಿದೆ. ಇಷ್ಟೆಲ್ಲ ತಪ್ಪುಗಳಿದ್ದರೂ ಉಪಾಯ ಮಾತ್ರ ಪಕ್ಕಾ. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಲೆಕ್ಕ ಹರಿಯುವ ದಿಕ್ಕು. ನಾವು ಈಗ ಭೂಮಿಯ ಅಳತೆಯಿಂದ ಊರುಗಳ ದೂರ ತೆಗೆಯುತ್ತೇವೆ, ಅವನು ಊರುಗಳ ದೂರದಿಂದ ಭೂಮಿಯನ್ನೇ ಅಳೆದ.

ಇನ್ನು ದಾರಿ. ಗೋಲದ ಮೇಲೆ ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು ಹಿಡಿದರೆ ಅದೇ ಅತಿ ಹತ್ತಿರದ ದಾರಿ. ಆ ದಾರವನ್ನು ಗೋಡೆಯ ಭೂಪಟಕ್ಕೆ ಇಳಿಸಿದರೆ ಸಾಮಾನ್ಯವಾಗಿ ಕಮಾನಿನಂತೆ ಬಾಗಿಬಿಡುತ್ತದೆ. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಉತ್ತರ ಧ್ರುವದ ಮೇಲಿಂದ ವಿಮಾನ ತಂದರಲ್ಲ, ಅವರು ಸುತ್ತಿ ಬಂದದ್ದಲ್ಲ, ಹತ್ತಿರದ ದಾರಿಯಲ್ಲೇ ಬಂದದ್ದು. ಭೂಪಟದಲ್ಲಿ ನೋಡಿದರೆ ಮಾತ್ರ ಹುಚ್ಚು ದಾರಿ ಅನಿಸುತ್ತದೆ.

ಆಫ್ರಿಕಾದೊಳಗೆ ಈ ತೊಂದರೆ ಇಲ್ಲವೇ ಇಲ್ಲ ಅನ್ನಬಹುದು. ಖಂಡದ ನಟ್ಟನಡುವೆ ಸಮಭಾಜಕ ಹಾದುಹೋಗುತ್ತದೆ. ಅದರ ಆಸುಪಾಸಿನಲ್ಲಿ ಚಪ್ಪಟೆ ಭೂಪಟ ಕಡಿಮೆ ಸುಳ್ಳು ಹೇಳುತ್ತದೆ. ಶಾಲೆಯ ನಕಾಶೆಯ ಮೇಲೆ ಸ್ಕೇಲ್ ಇಟ್ಟು ಆಡಿಸ್‌ನಿಂದ ಲೇಗಾಸ್‌ಗೆ ಗೆರೆ ಎಳೆದರೆ ವಿಮಾನ ಹೆಚ್ಚುಕಡಿಮೆ ಅದರ ಮೇಲೆಯೇ ಹೋಗುತ್ತದೆ. ಆದರೆ ಅದೇ ನಕಾಶೆ ಆಫ್ರಿಕಾದ ಗಾತ್ರದ ವಿಷಯದಲ್ಲಿ ಮಹಾ ಮೋಸ ಮಾಡಿದೆ. ನಾವೆಲ್ಲ ನೋಡಿ ಬೆಳೆದ ಮರ್ಕೇಟರ್ ಭೂಪಟ ಧ್ರುವಗಳ ಕಡೆಯ ನೆಲವನ್ನು ರಬ್ಬರ್ ತರಹ ಎಳೆಯುತ್ತದೆ. ಅದರಲ್ಲಿ ಗ್ರೀನ್‌ಲ್ಯಾಂಡ್ ಹತ್ತಿರಹತ್ತಿರ ಆಫ್ರಿಕಾದಷ್ಟೇ ಕಾಣುತ್ತದೆ. ನಿಜದಲ್ಲಿ ಆಫ್ರಿಕಾ ಹದಿನಾಲ್ಕು ಪಟ್ಟು ದೊಡ್ಡದು. ಮೂರು ಕೋಟಿ ಚದರ ಕಿಲೋಮೀಟರ್! ನಮ್ಮ ದೇಶದಂಥ ಒಂಬತ್ತು ದೇಶಗಳನ್ನು ಅದರೊಳಗೆ ಹಾಸಬಹುದು. ಕೈರೋದಿಂದ ಕೇಪ್‌ಟೌನ್‌ಗೆ ನೇರವಾಗಿ ಹೋದರೂ 7,200 ಕಿ.ಮೀ. ಮೇಲಾಗುತ್ತದೆ. ‘ಆಫ್ರಿಕಾಕ್ಕೆ ಹೋಗಿದ್ದೆ’ ಅಂತ ಯಾರಾದರೂ ಹೇಳಿದರೆ ಯಾವ ಊರಿಗೆ ಅಂತ ಕೇಳದೆ ನಾನು ಮುಂದಿನ ಮಾತು ಆಡುವುದಿಲ್ಲ.

ಈಗ ನನ್ನ ನಲವತ್ತೇಳು ಎಣಿಕೆಗೆ ಬರೋಣ.

ಆಡಿಸ್ ಅಬಾಬಾದ ಬೋಲೆ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ 2,334 ಮೀಟರ್ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅದರ ತುದಿಯ ಮೇಲೆ ಇನ್ನೂ ನಾನೂರು ಮೀಟರ್ ಏರಿಸಿ, ಅಲ್ಲಿ ರನ್‌ವೇ ಹಾಸಿದಂತೆ. ಅಷ್ಟು ಎತ್ತರದಲ್ಲಿ ಗಾಳಿ ತೆಳು. ನೀರು ನೂರು ಡಿಗ್ರಿಯ ಬದಲು ತೊಂಬತ್ತೆರಡರ ಹತ್ತಿರವೇ ಕುದಿಯುತ್ತದೆ, ಬೇಳೆ ಬೇಯಲು ಕುಕ್ಕರ್ ಇಲ್ಲದಿದ್ದರೆ ಕಷ್ಟ. ಸಮುದ್ರಮಟ್ಟದಲ್ಲಿ ಒಂದು ಡಬ್ಬಿಯೊಳಗೆ ಐದು ಪಾಲು ಗಾಳಿ ಇದ್ದರೆ, ಇಲ್ಲಿ ಅದೇ ಡಬ್ಬಿಯಲ್ಲಿ ನಾಲ್ಕು ಪಾಲು.

ರೆಕ್ಕೆ ವಿಮಾನವನ್ನು ಎತ್ತುವುದು ಗಾಳಿಯನ್ನು ಕೆಳಕ್ಕೆ ತಳ್ಳಿ. ತಳ್ಳಲು ಗಾಳಿಯೇ ಕಮ್ಮಿ ಇದ್ದರೆ ಜಾಸ್ತಿ ವೇಗ ಬೇಕು. ಸಮುದ್ರಮಟ್ಟದಲ್ಲಿ ಗಂಟೆಗೆ 270 ಕಿ.ಮೀ. ವೇಗದಲ್ಲಿ ನೆಲ ಬಿಡುವ ವಿಮಾನ ಆಡಿಸ್‌ನಲ್ಲಿ 300 ಮುಟ್ಟಬೇಕು. ಆದರೆ ಆ ವೇಗ ಕೊಡಬೇಕಾದ ಎಂಜಿನ್‌ಗೂ ಇದೇ ತೆಳು ಗಾಳಿಯೇ ಗತಿ. ಅದರ ಕಸುವೂ ಕುಗ್ಗಿರುತ್ತದೆ. ಹೀಗೆ ಎರಡೂ ಕಡೆಯಿಂದ ಹೊಡೆತ. ಅದಕ್ಕೇ ಅಷ್ಟು ಉದ್ದದ ಓಟ, ಅದಕ್ಕೇ ಅಲ್ಲಿನ ರನ್‌ವೇ ಸುಮಾರು 3,800 ಮೀಟರ್. ಬಿಸಿಲೇರಿದರೆ ಗಾಳಿ ಇನ್ನಷ್ಟು ಹಿಗ್ಗಿ ತೆಳುವಾಗುತ್ತದೆ. ಆಗ ಉಳಿಯುವುದು ಒಂದೇ ದಾರಿ, ಭಾರ ಇಳಿಸುವುದು. ಪ್ರಯಾಣಿಕರನ್ನು ಇಳಿಸಲಾದೀತೇ? ಇಂಧನ ಕಡಿಮೆ ಮಾಡುತ್ತಾರೆ. ಆಡಿಸ್‌ನಿಂದ ಅಮೆರಿಕದ ವಾಷಿಂಗ್ಟನ್‌ಗೆ ಹೋಗುವ ವಿಮಾನ ಬಹಳ ವರ್ಷಗಳಿಂದ ನಡುವೆ ಒಂದು ಕಡೆ ಇಳಿದು ಇಂಧನ ತುಂಬಿಸಿಕೊಂಡೇ ಮುಂದೆ ಹೋಗುತ್ತಿದೆ. ವಾಷಿಂಗ್ಟನ್ ಸಮುದ್ರಮಟ್ಟದ ಹತ್ತಿರದ ಊರು, ಟ್ಯಾಂಕ್ ತುಂಬಿಸಿಕೊಂಡು ಏಳಬಹುದು. ಸಾಲದ್ದಕ್ಕೆ ಗಾಳಿಯೂ ಬೆನ್ನ ಹಿಂದೆ. ಆದ್ದರಿಂದ ಬರುವಾಗ ನೇರ. ಅದೇ ಎರಡು ಊರು, ಅದೇ ವಿಮಾನ, ಹೋಗುವಾಗ ಒಂದು ಲೆಕ್ಕ, ಬರುವಾಗ ಇನ್ನೊಂದು.

ಈ ತೆಳು ಗಾಳಿ ಆಫ್ರಿಕಾದ ವಿಮಾನಯಾನವನ್ನು ಶುರುವಿನಿಂದಲೇ ಕಾಡಿದೆ. 1920ರಲ್ಲಿ ಪಿಯೇರ್ ವ್ಯಾನ್ ರೈನೆವೆಲ್ಡ್ ಮತ್ತು ಕ್ವಿಂಟಿನ್ ಬ್ರ್ಯಾಂಡ್ ಇಬ್ಬರೂ ಸೇರಿ ಇಂಗ್ಲೆಂಡಿನಿಂದ ಕೇಪ್‌ಟೌನ್‌ಗೆ ಹಾರುವ ಸಾಹಸಕ್ಕೆ ಹೊರಟರು. ವಿಮಾನ ವಿಕರ್ಸ್ ವಿಮಿ, ಅದಕ್ಕಿಟ್ಟ ಹೆಸರು ಸಿಲ್ವರ್ ಕ್ವೀನ್. ಕೈರೋ ದಾಟಿದ ಮೇಲೆ ನೈಲ್ ನದಿ ದಂಡೆಯ ಕೊರೊಸ್ಕೊ ಹತ್ತಿರ ರೇಡಿಯೇಟರ್ ಸೋರಿ ಎಂಜಿನ್ ಕೈಕೊಟ್ಟಿತು, ವಿಮಾನ ಮುರಿಯಿತು. ಎಂಜಿನ್ ಬಿಚ್ಚಿ ಕೈರೋಗೆ ವಾಪಸ್ ತಂದು ಇನ್ನೊಂದು ವಿಮಿಗೆ ಜೋಡಿಸಿ ಮತ್ತೆ ಹೊರಟರು. ಅದು ಈಗಿನ ಜಿಂಬಾಬ್ವೆಯ ಬುಲವಾಯೊದವರೆಗೆ ಬಂತು. ಬುಲವಾಯೊ ಸುಮಾರು 1,350 ಮೀಟರ್ ಎತ್ತರದ ಊರು, ಮೇಲೆ ಮಾರ್ಚ್ ತಿಂಗಳ ಸೆಕೆ. ತುಂಬಿದ ವಿಮಾನ ಓಡಿತು, ಎದ್ದಿತು, ಏರಲಾರದೆ ನೆಲಕ್ಕೆ ಬಿತ್ತು. ಕೊನೆಗೆ ಮೂರನೆಯ ವಿಮಾನ ತರಿಸಿಕೊಂಡು ಮಾರ್ಚ್ 20ಕ್ಕೆ ಕೇಪ್‌ಟೌನ್ ಮುಟ್ಟಿದರು. ಫೆಬ್ರವರಿ 4ರಂದು ಹೊರಟವರು. ಗಾಳಿಯಲ್ಲಿದ್ದದ್ದು 109 ಗಂಟೆ 30 ನಿಮಿಷ, ಹಿಡಿದದ್ದು 45 ದಿನ. ಹಾರಾಟದ ಹೊತ್ತು ಬೇರೆ, ಪ್ರಯಾಣದ ಹೊತ್ತು ಬೇರೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಲೆಕ್ಕ ನನಗೆ ಸಿಕ್ಕಿಲ್ಲ.

ನಮ್ಮ ವಿಮಾನ ಏರಿತು. ಹನ್ನೊಂದು, ಹನ್ನೆರಡು ಕಿಲೋಮೀಟರ್ ಎತ್ತರಕ್ಕೆ ಹೋದ ಮೇಲೆ ಕೆಳಗಡೆ ಶತ್ರುವಾಗಿದ್ದ ತೆಳು ಗಾಳಿಯೇ ಮಿತ್ರನಾಗುತ್ತದೆ. ತಡೆ ಕಮ್ಮಿ, ಇಂಧನ ಉಳಿತಾಯ. ದೊಡ್ಡ ಜೆಟ್‌ಗಳು ಅಲ್ಲಿ ಶಬ್ದದ ವೇಗದ ಶೇಕಡ 85ರಷ್ಟರಲ್ಲಿ, ಗಂಟೆಗೆ 900 ಕಿ.ಮೀ. ಆಸುಪಾಸಿನಲ್ಲಿ ಹೋಗುತ್ತವೆ. ಆದರೆ ಈ 900 ಗಾಳಿಯೊಳಗಿನ ವೇಗ. ಗಾಳಿಯೇ ಚಲಿಸುತ್ತಿದ್ದರೆ? ಹೊಳೆಯ ದೋಣಿಯ ಹಾಗೆ, ಹರಿವಿನ ಜೊತೆ ಹೋದರೆ ಲಾಭ, ಎದುರು ಹೋದರೆ ನಷ್ಟ.

ಎದುರಿನ ಸೀಟಿನ ಬೆನ್ನಿಗಿದ್ದ ಪುಟ್ಟ ಪರದೆಯಲ್ಲಿ ‘ಹಿಂದಿನಿಂದ ಗಾಳಿ, ಗಂಟೆಗೆ 41 ಕಿ.ಮೀ.’ ಅಂತ ಬರುತ್ತಿತ್ತು. ಪೂರ್ವದಿಂದ ಪಶ್ಚಿಮಕ್ಕೆ ಬೀಸುವ ಗಾಳಿ. ನೋಡಿ ಖುಷಿಯಾಯಿತು, ಏಕೆಂದರೆ ಈ ಗಾಳಿ ನನಗೆ ಪರಿಚಯದ್ದು. ಜುಲೈ, ಆಗಸ್ಟ್‌ನಲ್ಲಿ ಬೆಂಗಳೂರಿನ ಯಾವುದಾದರೂ ತಾರಸಿ ಮೇಲೆ ನಿಂತು ಆಕಾಶ ನೋಡಿ. ಕೆಳಗಿನ ಮೋಡಗಳು ಪಶ್ಚಿಮದಿಂದ ಪೂರ್ವಕ್ಕೆ ಧಾವಿಸುತ್ತಿರುತ್ತವೆ. ನಡುವೆ ಬಿರುಕು ಬಿಟ್ಟಾಗ ತುಂಬಾ ಮೇಲೆ ಹಂಜಿಯಂಥ ತೆಳು ಮೋಡ ಕಂಡರೆ, ಅದು ತದ್ವಿರುದ್ಧವಾಗಿ ಪಶ್ಚಿಮದ ಕಡೆ ಸರಿಯುತ್ತಿರುತ್ತದೆ.

ಮೇಲಿನ ಆ ಗಾಳಿಯ ಪ್ರವಾಹವನ್ನು 1958ರಲ್ಲಿ ವಿವರವಾಗಿ ತೋರಿಸಿಕೊಟ್ಟವರು ನಮ್ಮವರೇ, ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಬೇಸಿಗೆಯಲ್ಲಿ ಟಿಬೆಟ್‌ನ ಎತ್ತರದ ನೆಲವೂ ಏಷ್ಯಾದ ಒಡಲೂ ಕಾಯುತ್ತವೆ. ಕಾದ ಗಾಳಿ ಮೇಲೇರಿ ಎತ್ತರದಲ್ಲಿ ಒತ್ತಡ ಹೆಚ್ಚುತ್ತದೆ, ಅಲ್ಲಿಂದ ಗಾಳಿ ದಕ್ಷಿಣಕ್ಕೆ ಹೊರಡುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ಬಲಕ್ಕೆ ವಾಲುತ್ತಾ ಪಶ್ಚಿಮಕ್ಕೆ ಮುಖ ಮಾಡುತ್ತದೆ. ದಕ್ಷಿಣ ಭಾರತದ ಮೇಲೆ ಹದಿನಾಲ್ಕು, ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಅದರ ವೇಗ ಗಂಟೆಗೆ ನೂರು ಕಿ.ಮೀ. ದಾಟುತ್ತದೆ. ಅರಬ್ಬಿ ಸಮುದ್ರ ದಾಟಿ, ಆಫ್ರಿಕಾದ ಕೊಂಬಿನ (ಸೊಮಾಲಿಯಾ, ಇಥಿಯೋಪಿಯಾ ಇರುವ ಮೂಲೆ) ಮೇಲೆ ಹಾದು, ಸೊರಗುತ್ತಾ ಸೊರಗುತ್ತಾ ಪಶ್ಚಿಮ ಆಫ್ರಿಕಾದವರೆಗೂ ಹೋಗುತ್ತದೆ. ನನ್ನ ಪರದೆಯ ಮೇಲಿನ 41 ಕಿ.ಮೀ. ಅದರ ಬಾಲ.

ಇನ್ನೊಂದು ವಿಷಯ. ಅದೇ ತಿಂಗಳುಗಳಲ್ಲಿ ಕೆಳಗಡೆ, ನೆಲದಿಂದ ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ, ಸೊಮಾಲಿಯಾದ ತೀರಕ್ಕಂಟಿಕೊಂಡು ಜೋರು ಗಾಳಿ ಬೀಸಿ ಅರಬ್ಬಿ ಸಮುದ್ರದ ತೇವ ಹೊತ್ತು ಪಶ್ಚಿಮ ಘಟ್ಟಕ್ಕೆ ಬಂದು ಬಡಿಯುತ್ತದೆ. ಆಗುಂಬೆಯ ಮಳೆ ಅದರ ಕೊಡುಗೆ. ಕೆಳಗೆ ಆಫ್ರಿಕಾದ ಕಡೆಯಿಂದ ನಮಗೆ, ಮೇಲೆ ನಮ್ಮ ಕಡೆಯಿಂದ ಆಫ್ರಿಕಾಕ್ಕೆ. ಅದೇ ಗಾಳಿ ತಿರುಗಿ ಹೋಗುತ್ತದೆ ಅಂತಲ್ಲ, ಆದರೆ ಮುಂಗಾರಿನ ದೊಡ್ಡ ಚಕ್ರದಲ್ಲಿ ಇವೆರಡೂ ಪಾಲುದಾರರು.

41 ಕಿ.ಮೀ. ಬೆನ್ನುಗಾಳಿಯಿಂದ ಆಗುವ ಉಳಿತಾಯ ಎಷ್ಟು? ನಾಲ್ಕು ಗಂಟೆ ಚಿಲ್ಲರೆಯ ಹಾರಾಟದಲ್ಲಿ ಹನ್ನೊಂದು, ಹನ್ನೆರಡು ನಿಮಿಷ. ವಾಪಸ್ ಬರುವಾಗ ಹೆಚ್ಚುಕಡಿಮೆ ಅಷ್ಟೇ ನಷ್ಟ. ದೊಡ್ಡದೇನಲ್ಲ. ಸಮಭಾಜಕದ ಹತ್ತಿರ ಮೇಲ್ಗಾಳಿ ಸಾಮಾನ್ಯವಾಗಿ ಸಾಧು. ನಿಜವಾದ ಆಟ ನೋಡಬೇಕಾದರೆ ಕಾಸಾಬ್ಲಾಂಕಾ–ಕೈರೋ ಜೋಡಿಗೆ ಹೋಗಬೇಕು. ಚಳಿಗಾಲದಲ್ಲಿ ಉತ್ತರ ಆಫ್ರಿಕಾದ ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಪ್ರವಾಹ, ಅಂದರೆ ಎತ್ತರದಲ್ಲಿ ಹೊಳೆಯಂತೆ ಹರಿಯುವ ಜೋರು ಗಾಳಿ, ಬೀಸುತ್ತದೆ. ದಾರಿಯುದ್ದಕ್ಕೂ ಸರಾಸರಿ 120 ಕಿ.ಮೀ. ಅಂತ ಇಟ್ಟುಕೊಂಡರೂ ಕೈರೋ ಕಡೆ ಹೋಗುವ ವಿಮಾನದ ನೆಲದ ಮೇಲಿನ ವೇಗ 1,020, ಕಾಸಾಬ್ಲಾಂಕಾ ಕಡೆ ಹೋಗುವುದರದ್ದು 780. ಒಂದಕ್ಕೆ ಮೂರು ಗಂಟೆ ನಲವತ್ತು ನಿಮಿಷ ಸಾಕು. ಇನ್ನೊಂದಕ್ಕೆ ನಾಲ್ಕು ಗಂಟೆ ನಲವತ್ತೈದು ಬೇಕು. ಒಂದು ಗಂಟೆಗೂ ಮೇಲೆ ವ್ಯತ್ಯಾಸ. ಇದನ್ನು ಒಂದೇ ಸಂಖ್ಯೆಯಲ್ಲಿ ಹೇಳುವುದು ಹೇಗೆ?

ದಕ್ಷಿಣ ಸುಡಾನ್ ದಾಟಿ ಮಧ್ಯ ಆಫ್ರಿಕಾ ಗಣರಾಜ್ಯದ ಮೇಲೆ ಬಂದಾಗ ವಿಮಾನ ನಿಧಾನಕ್ಕೆ ಎಡಕ್ಕೆ ತಿರುಗಿತು. ಕಿಟಕಿಯಾಚೆ ಬಲಗಡೆ ಒಂದು ಮೋಡ. ಮೋಡ ಅಂದರೆ ಸಾಲದು, ಹೂಕೋಸನ್ನು ಬೆಟ್ಟದಷ್ಟು ಬೆಳೆಸಿದಂತಿತ್ತು. ನಾವು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿದ್ದರೂ ಅದರ ತಲೆ ನೋಡಲು ಕತ್ತು ಎತ್ತಬೇಕಿತ್ತು. ಈ ಭಾಗದ ಗುಡುಗಿನ ಮೋಡಗಳು ಹದಿನಾರು ಕಿಲೋಮೀಟರ್ ಎತ್ತರಕ್ಕೂ ಬೆಳೆಯುತ್ತವೆ. ಮೇಲಿಂದ ದಾಟಲಾಗದು, ಒಳಗೆ ನುಗ್ಗುವ ಮಾತೇ ಇಲ್ಲ. ಮೂವತ್ತೈದು, ನಲವತ್ತು ಕಿಲೋಮೀಟರ್ ದೂರ ಬಿಟ್ಟು ಬಳಸಿಕೊಂಡೇ ಹೋಗಬೇಕು. ಒಂದನ್ನು ಬಳಸಿದರೆ ಇನ್ನೊಂದು. ದಾರ ಹಿಡಿದು ಅಳೆದ 3,920 ಅಲ್ಲಿಗೆ ಕೆಟ್ಟಿತು.

ಈ ಆಕಾಶದಲ್ಲಿ ಪೈಲಟ್‌ಗಳು ಪಾಲಿಸುವ ಒಂದು ಪದ್ಧತಿ ಇದೆ. ಆಫ್ರಿಕಾದ ಒಳನಾಡಿನಲ್ಲಿ ರೇಡಾರ್ ಎಲ್ಲ ಕಡೆ ಇಲ್ಲ, ನೆಲದ ನಿಯಂತ್ರಣ ಕೇಂದ್ರದ ರೇಡಿಯೊ ಕೂಡ ಎಲ್ಲ ಕಡೆ ಸರಿಯಾಗಿ ಕೇಳಿಸುವುದಿಲ್ಲ. ಆದ್ದರಿಂದ ವಿಮಾನಗಳು 126.9 ಮೆಗಾಹರ್ಟ್ಸ್‌ನಲ್ಲಿ ತಮ್ಮಷ್ಟಕ್ಕೆ ಸಾರುತ್ತಾ ಹೋಗುತ್ತವೆ. ನಾನು ಇಂಥ ವಿಮಾನ, ಇಷ್ಟು ಎತ್ತರದಲ್ಲಿದ್ದೇನೆ, ಇಂಥ ದಾರಿಯಲ್ಲಿ ಹೋಗುತ್ತಿದ್ದೇನೆ, ಇಷ್ಟು ಹೊತ್ತಿಗೆ ಇಂಥ ಜಾಗ ದಾಟುತ್ತೇನೆ ಅಂತ. ಸುತ್ತಮುತ್ತ ಇರುವ ಇತರ ಪೈಲಟ್‌ಗಳು ಕೇಳಿಸಿಕೊಂಡು ಎಚ್ಚರವಾಗಿರುತ್ತಾರೆ. ಘಾಟಿಯ ತಿರುವಿನಲ್ಲಿ ಬಸ್ ಡ್ರೈವರ್ ಹಾರ್ನ್ ಹೊಡೆಯುವುದಕ್ಕೂ ಇದಕ್ಕೂ ವ್ಯತ್ಯಾಸ ಏನೂ ಇಲ್ಲ ಅಂತ ನನಗೆ ಅನಿಸುತ್ತದೆ.

ಟಿಕೆಟ್‌ನಲ್ಲಿ ಬರೆದಿರುವ ಹೊತ್ತು ಇದೆಲ್ಲದರ ಅಂದಾಜು. ವಿಮಾನದವರು ಅದನ್ನು ಬ್ಲಾಕ್ ಟೈಮ್ ಅನ್ನುತ್ತಾರೆ. ಲಾರಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ಹಾಗೆ ನಿಂತ ವಿಮಾನದ ಚಕ್ರಕ್ಕೂ ಅಡ್ಡ ಇಡುತ್ತಾರೆ. ಅದನ್ನು ತೆಗೆದಲ್ಲಿಂದ ಮತ್ತೆ ಇಡುವವರೆಗಿನ ಹೊತ್ತು ಅದು. ನೆಲದ ಮೇಲೆ ತೆವಳುವುದು, ಏರುವುದು, ಇಳಿಯುವ ಮುಂಚೆ ಸುತ್ತು ಹಾಕುವುದು ಎಲ್ಲ ಸೇರಿತು. ನಾನು ಒಂದು ಒರಟು ಸೂತ್ರ ಇಟ್ಟುಕೊಂಡಿದ್ದೇನೆ: ದೂರವನ್ನು 850ರಿಂದ ಭಾಗಿಸಿ ಅರ್ಧ ಗಂಟೆ ಸೇರಿಸುವುದು. ಆಡಿಸ್–ಲೇಗಾಸ್‌ಗೆ ಐದು ಗಂಟೆ ಏಳು ನಿಮಿಷ ಬರುತ್ತದೆ. ನೈರೋಬಿ–ಜೊಹಾನ್ಸ್‌ಬರ್ಗ್ 2,910 ಕಿ.ಮೀ., ನಾಲ್ಕು ಗಂಟೆಗೆ ಐದು ನಿಮಿಷ ಕಮ್ಮಿ. ವೇಳಾಪಟ್ಟಿಯ ಹತ್ತಿರಕ್ಕೇ ಬಂದು ನಿಲ್ಲುತ್ತದೆ.

ಈ ಅರ್ಧ ಗಂಟೆಯ ಮಹಿಮೆ ಗೊತ್ತಾಗುವುದು ಕಿನ್ಶಾಸಾ ಮತ್ತು ಬ್ರಾಝವಿಲ್‌ನಲ್ಲಿ. ಎರಡು ಕಾಂಗೊ ದೇಶಗಳ ಎರಡು ರಾಜಧಾನಿಗಳು. ನಡುವೆ ಕಾಂಗೊ ನದಿ. ಈ ದಡದಲ್ಲಿ ನಿಂತರೆ ಆ ದಡದ ಕಟ್ಟಡಗಳು ಕಾಣುತ್ತವೆ. ವಿಮಾನ ನಿಲ್ದಾಣಗಳ ನಡುವಿನ ನೇರ ದೂರ ಸುಮಾರು 25 ಕಿ.ಮೀ. ಆಕಾಶದಲ್ಲಿ ಕೆಲವೇ ನಿಮಿಷದ ಕೆಲಸ, ಆದರೆ ಚಕ್ರದ ಅಡ್ಡ ತೆಗೆದು ಇಡುವ ಹೊತ್ತಿಗೆ ಅರ್ಧ ಗಂಟೆ ಮುಗಿದಿರುತ್ತದೆ. ಅದರ ಹಿಂದೆ ಮುಂದೆ ಎರಡು ದೇಶಗಳ ಪಾಸ್‌ಪೋರ್ಟ್ ಸಾಲು. ನದಿಗೆ ಅಲ್ಲಿ ಸೇತುವೆ ಇಲ್ಲ. ಜನ ಹೆಚ್ಚಾಗಿ ದೋಣಿಯಲ್ಲೇ ದಾಟುತ್ತಾರೆ.

ಆಫ್ರಿಕಾದ ಪ್ರಯಾಣದಲ್ಲಿ ಹೊತ್ತು ತಿನ್ನುವುದು ಹೆಚ್ಚಾಗಿ ದೂರ ಅಲ್ಲವೇ ಅಲ್ಲ. ವಸಾಹತು ಕಾಲದ ವಿಮಾನ ಮಾರ್ಗಗಳು ಲಂಡನ್, ಪ್ಯಾರಿಸ್, ಬ್ರಸೆಲ್ಸ್, ಲಿಸ್ಬನ್ ಕಡೆಗೆ ಹೊರಟಿದ್ದವು. ಒಂದೇ ಖಂಡದ ಎರಡು ಊರುಗಳಿಗೆ ಪರಸ್ಪರ ಹೋಗುವುದಕ್ಕೆ ಯುರೋಪಿಗೆ ಹೋಗಿ ತಿರುಗಿ ಬರುವ ಸ್ಥಿತಿ ದಶಕಗಟ್ಟಲೆ ಇತ್ತು. ಕೆಲವು ಜೋಡಿಗಳಿಗೆ ಈಗಲೂ ಪ್ಯಾರಿಸ್ ಇಲ್ಲವೇ ದುಬೈ ಮೂಲಕವೇ ಟಿಕೆಟ್ ಸಿಗುವುದು. ಇಥಿಯೋಪಿಯಾದ ವಿಮಾನ ಸಂಸ್ಥೆ 1946ರ ಏಪ್ರಿಲ್‌ನಲ್ಲಿ ಮೊದಲು ಹಾರಿದ್ದು ಉತ್ತರಕ್ಕೆ, ಕೈರೋಗೆ. ಪೂರ್ವದಿಂದ ಪಶ್ಚಿಮ ಆಫ್ರಿಕಾಕ್ಕೆ ಅಡ್ಡಲಾಗಿ ದಾರಿ ಹಾಕಲು 1960 ಬರಬೇಕಾಯಿತು. ಒಬ್ಬರ ಆಕಾಶ ಇನ್ನೊಬ್ಬರಿಗೆ ಮುಕ್ತವಾಗಿರಲಿ ಅಂತ 1999ರಲ್ಲಿ ಐವರಿ ಕೋಸ್ಟ್‌ನ ಯಾಮುಸೂಕ್ರೊದ ಹೆಸರಲ್ಲಿ ಆಫ್ರಿಕಾದ ದೇಶಗಳು ಒಂದು ನಿರ್ಧಾರಕ್ಕೆ ಬಂದವು. ಅದನ್ನು ಜಾರಿಗೆ ತರಲು ಆಫ್ರಿಕನ್ ಒಕ್ಕೂಟ 2018ರಲ್ಲಿ ಮತ್ತೆ ಯೋಜನೆ ಶುರು ಮಾಡಿತು. ಹತ್ತೊಂಬತ್ತು ವರ್ಷ ತಡ. ಇದಕ್ಕೆ ಬಿರುಗಾಳಿಯನ್ನು ಬೈಯುವಂತಿಲ್ಲ.

ರಸ್ತೆ ಇಲ್ಲವೇ ಅಂತ ಕೇಳಬಹುದು. ಲೇಗಾಸ್‌ನಿಂದ ಕೀನ್ಯಾದ ಮೊಂಬಾಸಾಕ್ಕೆ ಖಂಡವನ್ನೇ ಅಡ್ಡ ಸೀಳುವ ಹೆದ್ದಾರಿ ಕಾಗದದ ಮೇಲಿದೆ, ಆರು ಸಾವಿರ ಕಿಲೋಮೀಟರ್‌ಗೂ ಉದ್ದ. ಕಾಂಗೊದ ಕಾಡಿನೊಳಗೆ ಹೋಗುತ್ತಿದ್ದಂತೆ ಅದು ಹೆದ್ದಾರಿಯಾಗಿ ಉಳಿಯುವುದಿಲ್ಲ.

ಲೇಗಾಸ್‌ನಲ್ಲಿ ನಾಲ್ಕು ದಿನ ಕೆಲಸ ಮುಗಿಸಿ ಮಧ್ಯಾಹ್ನ ಒಂದೂವರೆಗೆ ವಾಪಸ್ ಹೊರಟೆ. ಸಮುದ್ರದ ಪಕ್ಕದ ಊರು, ದಪ್ಪ ಗಾಳಿ, ಎಣಿಕೆ ಮೂವತ್ಮೂರಕ್ಕೇ ಮುಗಿಯಿತು. ಪರದೆಯಲ್ಲಿ ಈ ಸಲ ‘ಎದುರಿನಿಂದ ಗಾಳಿ, 38’. ನಾವು ಭೂಮಿ ತಿರುಗುವ ದಿಕ್ಕಿನಲ್ಲೇ ಹೋಗುತ್ತಿದ್ದುದರಿಂದ ಸೂರ್ಯ ಬೇಗ ಮುಳುಗಿದ. ಹೋಗುವಾಗ ಬೆಳಿಗ್ಗೆ ಎಷ್ಟೋ ಹೊತ್ತು ಉಳಿದಿತ್ತು, ಬರುವಾಗ ಸಂಜೆ ಬಂದಿದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಎರಡು ಊರುಗಳ ಗಡಿಯಾರಕ್ಕೆ ಎರಡು ಗಂಟೆ ವ್ಯತ್ಯಾಸ. ಆಡಿಸ್‌ನಲ್ಲಿ ಇಳಿದಾಗ ನನ್ನ ಫೋನ್ ರಾತ್ರಿ ಎಂಟು ನಲವತ್ತು ಅಂತ ತೋರಿಸಿತು.

ಹೊರಗೆ ಬಂದು ಟ್ಯಾಕ್ಸಿ ಹತ್ತಿದೆ. ಡ್ರೈವರ್‌ನ ಡ್ಯಾಶ್‌ಬೋರ್ಡ್ ಮೇಲಿನ ಗಡಿಯಾರದಲ್ಲಿ ಎರಡು ಐವತ್ತೈದು. ಕೆಟ್ಟಿದೆಯಾ ಅಂತ ಕೇಳಿದೆ. ಅವರು ನಕ್ಕರು. ಇಥಿಯೋಪಿಯಾದಲ್ಲಿ ಜನ ದಿನದ ಗಂಟೆಗಳನ್ನು ಬೆಳಗಾಗುವುದರಿಂದ ಎಣಿಸುತ್ತಾರೆ, ರಾತ್ರಿಯ ಗಂಟೆಗಳನ್ನು ಕತ್ತಲಾಗುವುದರಿಂದ. ನಮ್ಮ ಬೆಳಿಗ್ಗೆ ಏಳು ಅವರಿಗೆ ಒಂದು. ನಮ್ಮ ರಾತ್ರಿ ಎಂಟು ಐವತ್ತೈದು ಅವರಿಗೆ ಎರಡು ಐವತ್ತೈದು. ನಮ್ಮಜ್ಜ ಪಂಚಾಂಗ ಹಿಡಿದು ಸೂರ್ಯ ಹುಟ್ಟಿದಲ್ಲಿಂದ ಗಳಿಗೆ ಎಣಿಸುತ್ತಿದ್ದದ್ದು ನೆನಪಾಯಿತು. ದಿನಕ್ಕೆ ಅರವತ್ತು ಗಳಿಗೆ, ಒಂದಕ್ಕೆ ಇಪ್ಪತ್ನಾಲ್ಕು ನಿಮಿಷ. ಟ್ಯಾಕ್ಸಿ ಬೋಲೆ ರಸ್ತೆಗೆ ಬರುವಷ್ಟರಲ್ಲಿ ಲೆಕ್ಕ ಹಾಕಿ ಮುಗಿಸಿದೆ. ಲೇಗಾಸ್‌ನಿಂದ ಆಡಿಸ್‌ಗೆ ಹನ್ನೆರಡೂವರೆ ಗಳಿಗೆ, ಮೇಲೆ ಹತ್ತು ನಿಮಿಷ.